ಹಾರ, ಶಾಲು ಬಿಟ್ಟು ಸನ್ಮಾನ ಮಾಡಿದ್ದು: ನನ್ನ ಅನುಭವ

ಬೆಂಗಳೂರು ದಕ್ಷಿಣದ ನಮ್ಮ ಬಡಾವಣೆಯಲ್ಲಿ ಕಸ, ಮರ, ಕೆರೆ ಅಂತ ಓಡಾಡುವವರಿಗೆ ವರ್ಷಕ್ಕೊಮ್ಮೆ ಸನ್ಮಾನ ಮಾಡುತ್ತೇವೆ. ಹಾಲ್ ಬಿಟ್ಟು ಅವರವರ ಬೀದಿಯಲ್ಲೇ ಸನ್ಮಾನ ಮಾಡುವ ಈಗಿನ ಪದ್ಧತಿ ಶುರುವಾಗಿ ಮೂರ್ನಾಲ್ಕು ವರ್ಷ ಆಯಿತು. ಆಗ ನಮ್ಮ ಸಂಘದಲ್ಲೇ ಬಹಳ ಜನ ಇದು ನಡೆಯಲ್ಲ ಅಂದಿದ್ದರು. ಸ್ಟೇಜ್ ಇಲ್ಲ, ಮೈಕ್ ಇಲ್ಲ, ಮುಖ್ಯ ಅತಿಥಿ ಇಲ್ಲ, ಯಾರು ಬರ್ತಾರೆ ಅನ್ನುವುದೇ ಎಲ್ಲರ ಮಾತು. ಈಗ ಅದೇ ಜನ ಅಕ್ಕಪಕ್ಕದ ಬಡಾವಣೆಯವರನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಬರೆದುಬಿಡೋಣ ಅಂತ ಕೂತಿದ್ದೇನೆ. ಎರಡು ಡಬ್ಬ ಒಂದು ಚೀಲ ಅಂದರೆ ಹಸಿ ಕಸಕ್ಕೆ ಹಸಿರು ಡಬ್ಬ, ಸ್ಯಾನಿಟರಿ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಬ್ಲಾಕ್ ಸ್ಪಾಟ್ ಅಂದರೆ ಜನ ಕಸ ತಂದು ಸುರಿಯುವ ಬೀದಿ ಮೂಲೆ.

ಮೊದಲೆಲ್ಲ ಹಾಲ್ ಹಿಡಿದು ಮಾಡುತ್ತಿದ್ದೆವು. ಪರಿಸರ ದಿನ, ಅಂದರೆ ಜೂನ್ 5ರ ಆಸುಪಾಸಿನ ಭಾನುವಾರ. ಹಾಲ್ ಬಾಡಿಗೆ ಹದಿನೈದು ಸಾವಿರದ ಹತ್ತಿರ, ಮೈಕ್, ಕುರ್ಚಿ, ಬ್ಯಾನರ್ ಸೇರಿ ಹತ್ತು ಹನ್ನೆರಡು ಸಾವಿರ. ಮೈಸೂರು ಪೇಟ, ಶಾಲು, ಫಲಕ, ಹಣ್ಣಿನ ಬುಟ್ಟಿ ಅಂತ ಒಬ್ಬರಿಗೆ ಸಾವಿರದಿಂದ ಸಾವಿರದ ಇನ್ನೂರು. ಊಟ ಬೇರೆ. ಒಟ್ಟು ಎಪ್ಪತ್ತು ಸಾವಿರ ದಾಟುತ್ತಿತ್ತು. ಭಾಷಣ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ಒಂದು ವರ್ಷ ಮುಖ್ಯ ಅತಿಥಿ ಎರಡು ಗಂಟೆ ತಡವಾಗಿ ಬಂದರು. ನಿಜವಾಗಿ ಕೆಲಸ ಮಾಡಿದ್ದ ಇಬ್ಬರು ಮನೆಗೆಲಸದ ಹೆಂಗಸರು ಅಷ್ಟರಲ್ಲಿ ಎದ್ದು ಕೆಲಸಕ್ಕೆ ಹೋಗಿದ್ದರು. ಅವರ ಶಾಲನ್ನು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಸ್ವೀಕರಿಸಿದರು. ಅವತ್ತೇ ನನಗೆ ಸಾಕಾಯಿತು.

ಇದು ಒಂದು ದಿನದ ಕಥೆ ಅಲ್ಲ. ಅಪಾರ್ಟ್‌ಮೆಂಟಿನಲ್ಲಿ ಕಸ ಬೇರೆ ಮಾಡುವವರು ಯಾರು? ಅಡುಗೆಮನೆಯಲ್ಲಿ ಮನೆಗೆಲಸದವರು, ಕೆಳಗೆ ಹೌಸ್‌ಕೀಪಿಂಗ್‌ನವರು. ಸ್ಯಾನಿಟರಿ ಕಸ ಪೇಪರಿನಲ್ಲಿ ಸುತ್ತಿದೆಯಾ, ಮೇಲೆ ಕೆಂಪು ಗುರುತು ಇದೆಯಾ ಅಂತ ನೋಡುವವರು ಅವರು. ಫೋಟೋದಲ್ಲಿ ನಿಲ್ಲುವವರು ಕಮಿಟಿಯವರು. ಅಂಥ ಸನ್ಮಾನ ಕೊಡುವುದಕ್ಕಿಂತ ಕೊಡದಿರುವುದೇ ಮೇಲು.

ಆಮೇಲೆ ಆನ್‌ಲೈನ್ ಅರ್ಜಿ ಇಟ್ಟೆವು. ಬಂದವು ಹೆಚ್ಚೆಂದರೆ ಇಪ್ಪತ್ತು, ಅದರಲ್ಲಿ ಅರ್ಧ ತಮ್ಮ ಬಗ್ಗೆ ತಾವೇ ಬರೆದವು. ದಿನಾ ಬೆಳಿಗ್ಗೆ ಬ್ಲಾಕ್ ಸ್ಪಾಟ್ ಹತ್ತಿರ ನಿಲ್ಲುವವರು ಅರ್ಜಿ ತುಂಬುವುದಿಲ್ಲ. ಮರುವರ್ಷ ವಾಟ್ಸಾಪ್ ಮತದಾನ. ನಾನೂರು ಫ್ಲ್ಯಾಟಿನ ಒಂದು ಅಪಾರ್ಟ್‌ಮೆಂಟಿನವರು ಒಂದೇ ರಾತ್ರಿಯಲ್ಲಿ ಗೆದ್ದರು. ಸೈಟಿನ ಮನೆಗಳ ಬೀದಿಗಳಿಗೆ ಒಂದು ಬಹುಮಾನವೂ ಬರಲಿಲ್ಲ, ಆರೇಳು ಜನ ಗುಂಪು ಬಿಟ್ಟು ಹೋದರು.

ನಮ್ಮಲ್ಲಿ ಹಳಬರೆಲ್ಲ 2012ರಲ್ಲಿ ಬೀದಿಗಿಳಿದವರು. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜಾಗ ಮುಚ್ಚಿ ಊರೆಲ್ಲ ಕಸ ಕೊಳೆತ ವರ್ಷ ಅದು. 2014ರಲ್ಲಿ, ಆಗ ನಗರದ ಕಸ ಹೋಗುತ್ತಿದ್ದ ಮಂಡೂರಿನ ಜನ ಇನ್ನು ನಿಮ್ಮ ಕಸ ಬೇಡ ಅಂದಾಗ, ಕಸ ಬೇರೆ ಮಾಡಿ ಅಂತ ಮನೆಮನೆಗೆ ಹೋಗಿ ಬೈಸಿಕೊಂಡವರು. 2015ರ ಕೊನೆಗೆ ಹೈಕೋರ್ಟ್ ಎರಡು ಡಬ್ಬ ಒಂದು ಚೀಲ ಕಡ್ಡಾಯ ಅಂದಮೇಲೆ ಸ್ವಲ್ಪ ಬಲ ಬಂತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲಂತೂ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. ಬೀದಿಯ ಕಸಕ್ಕೆ, ಒಣಗುವ ಗಿಡಕ್ಕೆ ಇವರೇ ದಿಕ್ಕು. ಇಂಥವರು ಬೇಸತ್ತು ಮನೆ ಸೇರಿದರೆ ಮತ್ತೆ ಸಿಗುವುದಿಲ್ಲ. ನನಗಿದ್ದ ಭಯ ಅದು.

ಕೊನೆಗೆ ಕೆಲಸ ಮಾಡಿದ್ದು ಇದು. ಹೆಸರು ಆರಿಸುವುದನ್ನು ಸಂಘದ ಕೈಯಿಂದ ತೆಗೆದು ಪೌರಕಾರ್ಮಿಕರಿಗೆ, ಕಸದ ಆಟೋದವರಿಗೆ ಕೊಟ್ಟೆವು. ಯಾವ ಮನೆಯ ಹಸಿ ಕಸದಲ್ಲಿ ಹಾಲಿನ ಕವರ್ ಇರುತ್ತದೆ, ಯಾವ ಬೀದಿಯಲ್ಲಿ ಯಾರು ಅಕ್ಕಪಕ್ಕದವರಿಗೆ ಬುದ್ಧಿ ಹೇಳುತ್ತಾರೆ, ಎಲ್ಲ ಅವರಿಗೆ ಗೊತ್ತು. ದೀಪಾವಳಿಗೆ ಇನಾಮು ಕೊಟ್ಟವರ ಹೆಸರನ್ನೇ ಹೇಳ್ತಾರೆ ಅಂತ ಸಂಘದಲ್ಲಿ ಆಕ್ಷೇಪ ಬಂತು. ಅದಕ್ಕೊಂದು ಉಪಾಯ ಮಾಡಿದ್ದೇವೆ, ಕೇಳುವ ರೀತಿಯಲ್ಲೇ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ವರ್ಷ ನಮಗೇ ಉಪಯೋಗಕ್ಕೆ ಬರಲ್ಲ. ಖುದ್ದಾಗಿ ಬಂದರೆ ಹೇಳುತ್ತೇನೆ.

ಕೊಡುವ ಜಾಗವೂ ಬದಲಾಯಿತು. ಹಾಲ್ ಇಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ, ಮಸ್ಟರಿಂಗ್ (ಬೆಳಗಿನ ಹಾಜರಿ) ಮುಗಿಸಿ ಬಂದ ಪೌರಕಾರ್ಮಿಕರ ಜೊತೆ, ಆ ವ್ಯಕ್ತಿಯ ಬೀದಿಯಲ್ಲೇ ನಿಲ್ಲುತ್ತೇವೆ. ಮೊದಲ ವರ್ಷ ನಾಲ್ಕನೇ ಅಡ್ಡರಸ್ತೆಯ ನಿವೃತ್ತ ಟೀಚರ್ ಒಬ್ಬರಿಗೆ ಕೊಟ್ಟೆವು. ಹೊಂಗೆ ಎಲೆ ಗುಡಿಸಿ ಸುಡುವುದನ್ನು ಆ ಬೀದಿಯಲ್ಲಿ ನಿಲ್ಲಿಸಿದ್ದು ಅವರೇ. ಆಟೋದವನು ಅವರ ಹಸಿರು ಡಬ್ಬದ ಮುಚ್ಚಳ ತೆಗೆದು ಎಲ್ಲರಿಗೂ ತೋರಿಸಿದ. ಬಾಳೆಸಿಪ್ಪೆ, ಸೊಪ್ಪಿನ ದಂಟು, ಕಾಫಿ ಚರಟ, ಅಷ್ಟೇ. ಒಂದು ರಬ್ಬರ್ ಬ್ಯಾಂಡ್ ಸಹ ಇರಲಿಲ್ಲ. ಆ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆ ಗ್ಲೌಸ್ ತೆಗೆದು, ಸೆರಗಿಗೆ ಕೈ ಒರೆಸಿಕೊಂಡು, ಟೀಚರ್‌ಗೆ ಸನ್ಮಾನ ಪತ್ರ ಕೊಟ್ಟರು. ಎದುರುಮನೆಯವರು, ಯಾವತ್ತೂ ಕಸ ಬೇರೆ ಮಾಡದವರು, ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಮರುವಾರದಿಂದ ಅವರ ಮನೆ ಮುಂದೆಯೂ ಎರಡು ಡಬ್ಬ ಬಂತು. ಹಾಲ್‌ನಲ್ಲಿ ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ, ಅಲ್ವಾ?

ಬಹುಮಾನ ಏನು ಬೇಕು ಅಂತ ಮೊದಲೇ ಕೇಳುತ್ತೇವೆ. ಕಬ್ಬಿಣದ ಕುಂಟೆ, ಗೊಬ್ಬರ ಜರಡಿ, 200 ಲೀಟರ್ ಡ್ರಮ್ಮು, ಇಂಥವೇ ಜಾಸ್ತಿ. ಒಬ್ಬ ವಾಚ್‌ಮ್ಯಾನ್ ತನ್ನ ಏಜೆನ್ಸಿಗೆ ಒಂದು ಶಿಫಾರಸು ಪತ್ರ ಸಾಕು ಅಂದ. ಒಬ್ಬಾಕೆ ಕೇಳಿದ್ದು ಬೀದಿದೀಪ. ಕತ್ತಲೆ ಮೂಲೆ ಅದು, ರಾತ್ರಿ ಬೈಕಿನಲ್ಲಿ ಬಂದು ಕಸ ಎಸೆದು ಹೋಗುತ್ತಿದ್ದರು. ದೀಪ ಹಾಕಿಸಲು ನಮ್ಮ ಚಪ್ಪಲಿ ಸವೆಯಿತು, ತಿಂಗಳುಗಟ್ಟಲೆ ಹಿಡಿಯಿತು. ಆದರೆ ಆ ಬ್ಲಾಕ್ ಸ್ಪಾಟ್ ಈಗಿಲ್ಲ. ನಾನು ನೋಡಿದ ಸನ್ಮಾನಗಳಲ್ಲಿ ಅದಕ್ಕಿಂತ ದೊಡ್ಡದು ಬೇರೆ ಇಲ್ಲ.

ಎಲ್ಲರಿಗೂ ಫೋಟೋ ಇರುವ ಗುರುತಿನ ಚೀಟಿ ಕೊಡುತ್ತೇವೆ, ಸಂಘದ ಸೀಲು ಹಾಕಿ. ಒಂದಕ್ಕೆ ನಲವತ್ತು ಐವತ್ತು ರೂಪಾಯಿ. ಕಸ ಎಸೆಯುವವನನ್ನು ತಡೆದಾಗ ನೀನ್ಯಾರು ಕೇಳೋಕೆ ಅನ್ನುತ್ತಾನೆ. ಆಗ ಕೈಯಲ್ಲಿ ಚೀಟಿ ಇದ್ದರೆ ಮಾತಿನ ಧಾಟಿಯೇ ಬೇರೆ. ಪೇಟ, ಶಾಲಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬಂದಿದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಈಗ ವರ್ಷಕ್ಕೆ ಇಪ್ಪತ್ತೈದರಿಂದ ಮೂವತ್ತು ಸಾವಿರ. ಅದರಲ್ಲಿ ಮುಕ್ಕಾಲು ಪಾಲು ಸಲಕರಣೆ, ಉಳಿದಿದ್ದು ಚೀಟಿ, ಪತ್ರ, ಎಲ್ಲರಿಗೂ ಇಡ್ಲಿ ಕಾಫಿ. ಸ್ಟೀಲ್ ತಟ್ಟೆ, ಲೋಟ ನಮ್ಮದೇ, ಮದುವೆ ಮುಂಜಿಗೂ ಅವನ್ನು ಕೊಡುತ್ತೇವೆ. ಎಲೆಗೊಬ್ಬರ ಮಾರಿ ಏಳೆಂಟು ಸಾವಿರ ಬರುತ್ತದೆ. ಉಳಿದಿದ್ದು ಮನೆಗಳ ಚಂದಾ, ನೂರು ಇನ್ನೂರು. ಒಬ್ಬ ಬಿಲ್ಡರ್ ಐವತ್ತು ಸಾವಿರ ಕೊಡ್ತೀನಿ, ಹೆಸರು ಹಾಕಿ ಅಂದ. ಅವನ ಸೈಟಿನ ಕಟ್ಟಡ ತ್ಯಾಜ್ಯ ರಾಜಕಾಲುವೆ ಪಕ್ಕದಲ್ಲಿ ಬಿದ್ದಿತ್ತು. ಬೇಡ ಅಂದೆವು. ಆ ವರ್ಷ ಜರಡಿ ಸ್ವಲ್ಪ ಕಮ್ಮಿ ಕೊಟ್ಟೆವು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ನಡುವೆ ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ಗಿಡ ನೆಟ್ಟವರಿಗೆ ಬಹುಮಾನ ಅನ್ನುವುದನ್ನು ನಿಲ್ಲಿಸಿದೆವು. ಜೂನಿನಲ್ಲಿ ನೆಟ್ಟಿದ್ದು ಏಪ್ರಿಲ್ ಬರುವಷ್ಟರಲ್ಲಿ ಅರ್ಧಕ್ಕರ್ಧ ಒಣಗಿರುತ್ತಿತ್ತು. ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ರಸ್ತೆಯ ಆಲದ ಸಸಿಗಳನ್ನು ಬೆಳೆಸಿದ್ದು ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತು. ಹಾಗಾಗಿ ಎರಡು ಬೇಸಿಗೆ ದಾಟಿಸಿದವರಿಗೆ ಮಾತ್ರ ಕೊಡುತ್ತೇವೆ. ಈಗ ನಮ್ಮ ಬೀದಿಗಳಲ್ಲಿ ನೆಡುವುದು ಕಮ್ಮಿಯಾಗಿದೆ, ಬದುಕುವುದು ಜಾಸ್ತಿಯಾಗಿದೆ. ಮಕ್ಕಳಿಂದ ಮರಗಳಿಗೆ ಹೆಸರಿನ ಫಲಕ ಬರೆಸಿದ್ದು ಕೈಗೂಡಲಿಲ್ಲ. ಯಾರೋ ಫಲಕವನ್ನು ಮರಕ್ಕೆ ಮೊಳೆ ಹೊಡೆದೇ ಹಾಕಿದರು, ಎಲ್ಲ ಕೀಳಿಸಬೇಕಾಯಿತು.

ಎಲೆಗೊಬ್ಬರದ ಪಂಜರವೂ ಹಾಗೆ ಶುರುವಾದದ್ದೇ. ಕೋಳಿ ಜಾಲರಿಯಲ್ಲಿ ನಾಲ್ಕು ಅಡಿ ಅಗಲ, ಎದೆಯೆತ್ತರದ ದುಂಡು ಗೂಡು. ಒಂದಕ್ಕೆ ಎರಡು ಸಾವಿರ ಚಿಲ್ಲರೆ. ಹುಳಿ ಮಜ್ಜಿಗೆ ಮಾತ್ರ ಚಿಮುಕಿಸಿದಾಗ ನಿಧಾನವಾಯಿತು, ಸಗಣಿ ನೀರಿಗೆ ಪಕ್ಕದ ಮನೆಯವರ ತಕರಾರು. ಈಗ ನಮ್ಮದೇ ಒಂದು ಮಿಶ್ರಣ ಇದೆ, ಅದರ ಪ್ರಮಾಣ ನಾಲ್ಕನೇ ಅಡ್ಡರಸ್ತೆಯ ಆ ಟೀಚರ್ ಬಿಟ್ಟುಕೊಟ್ಟಿಲ್ಲ. ಮೂರು ತಿಂಗಳಿಗೆ ಜರಡಿ ಹಿಡಿಯುವಷ್ಟು ಪುಡಿಯಾಗುತ್ತದೆ.

ಫಲ ಏನು ಅಂತ ಕೇಳುವವರಿಗೆ: ಮೊದಲು ಹತ್ತು ಹನ್ನೆರಡು ಬ್ಲಾಕ್ ಸ್ಪಾಟ್ ಇದ್ದವು, ಈಗ ಎರಡೋ ಮೂರೋ. ಹಾಲ್‌ನಲ್ಲಿ ಶಾಲು ಹೊದ್ದವರಲ್ಲಿ ಮರುವರ್ಷ ಕೆಲಸಕ್ಕೆ ಬಂದವರು ಕಡಿಮೆ. ಬೀದಿಯಲ್ಲಿ ಪತ್ರ ತೆಗೆದುಕೊಂಡವರು ಊರು ಬಿಟ್ಟು ಹೋದ ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರೂ ಇದ್ದಾರೆ. ನಡೆಯಲ್ಲ ಅಂದವರಿಗೆ ಪಟ್ಟಿ ತೋರಿಸಿದ್ದೇನೆ.

ಈ ವರ್ಷ ಕೆರೆ ಏರಿಯ ಮೇಲೆ ಬೆಳಿಗ್ಗೆ ಪ್ಲಾಸ್ಟಿಕ್ ಆಯುವವರನ್ನೂ ಸೇರಿಸುತ್ತಿದ್ದೇವೆ. ಅಲ್ಲಿ ಪೌರಕಾರ್ಮಿಕರು ಇರುವುದಿಲ್ಲ, ಹೆಸರು ಯಾರನ್ನು ಕೇಳಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಮೀನು ಹಿಡಿಯುವವರನ್ನು ಕೇಳೋಣ ಅಂತ ನನ್ನ ಅಭಿಪ್ರಾಯ. ಸಂಘದಲ್ಲಿ ಮತ್ತೆ ಅನುಮಾನ ಶುರುವಾಗಿದೆ. ಬಲೆ ಎಳೆಯುವವರಿಗಿಂತ ಚೆನ್ನಾಗಿ ಆ ನೀರನ್ನು ದಿನಾ ನೋಡುವವರು ಇನ್ಯಾರಿದ್ದಾರೆ ಅಂತ ನಾನೂ ಪಟ್ಟು ಹಿಡಿದಿದ್ದೇನೆ.