ವೀಣೆಗೆ ನಾನು ಮೇಳ ಕಟ್ಟಿದ್ದು ಹೀಗೆ

ಈ ವೀಣೆಗೆ ಹಲಸಿನ ಮರ ಆರಿಸಿಕೊಂಡೆ. ಬೀಟೆಯಲ್ಲೂ ಮಾಡುತ್ತಾರೆ, ನೋಡಲು ಬಲು ಚಂದ, ಆದರೆ ತೂಕ ಜಾಸ್ತಿ. ಹಲಸು ಹಗುರ, ನಾದ ಬೇಗ ಏಳುತ್ತದೆ. ಮರ ಪೂರ್ತಿ ಒಣಗಿರಲೇಬೇಕು. ಹಸಿ ಮರದಲ್ಲಿ ಕೊಡ, ಅಂದರೆ ನಾದ ತುಂಬುವ ದುಂಡನೆಯ ಟೊಳ್ಳು ಭಾಗ, ತೋಡಿದರೆ ಮುಂದೆ ಬಿರುಕು ಬಿಡುತ್ತದೆ. ಕೊಡ, ತಂತಿ ಹಾಯುವ ಉದ್ದನೆಯ ದಂಡಿ, ಅದರ ತುದಿಗೆ ಬರುವ ಯಾಳಿ ಎಂಬ ಕಾಲ್ಪನಿಕ ಪ್ರಾಣಿಯ ಮುಖ, ಈ ಮೂರನ್ನೂ ಬೇರೆ ಬೇರೆ ಮಾಡಿ ಜೋಡಿಸಿದೆ. ಒಂದೇ ದಿಮ್ಮಿಯ ಏಕಾಂಡ ವೀಣೆಗೆ ಬೇಕಾದಷ್ಟು ದಪ್ಪದ ಮರ ಈಗ ಸುಲಭವಾಗಿ ಸಿಗುವುದಿಲ್ಲ.

ಹಿಂದೆ ಅಲಂಕಾರಕ್ಕೆ ಆನೆದಂತ ಕೂರಿಸುತ್ತಿದ್ದರು. ಈಗ ಅದಕ್ಕೆ ಕಾನೂನಿನ ತಡೆ ಇದೆ, ಇರಲೇಬೇಕು. ನಾನು ಬಿಳಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕೊಡದ ಅಂಚಿಗೂ ದಂಡಿಯ ಬದಿಗೂ ಬಳ್ಳಿ ಕೂರಿಸಿದೆ. ಮೇಲಿನ ಹಲಗೆಯ ನಡುವೆ ಮಾತ್ರ ಏನೂ ಇಲ್ಲ. ತಂತಿಗಳನ್ನು ಹೊರುವ ಕುದುರೆ ನಿಲ್ಲುವುದು ಅಲ್ಲಿ, ತಂತಿಯ ಜೊತೆ ನಡುಗಬೇಕಾದ ಜಾಗ ಅದು. ಅಲ್ಲಿ ಭಾರ ಹೇರಿದರೆ ನಾದ ಮಂಕಾಗುತ್ತದೆ. ಯಾರು ಎಷ್ಟು ಕೇಳಿದರೂ ಇದಕ್ಕೆ ನಾನು ಒಪ್ಪುವುದಿಲ್ಲ.

ನಿಜವಾದ ಕೆಲಸ ಮೇಳ ಕಟ್ಟುವುದು, ಅಂದರೆ ತಂತಿ ಒತ್ತಿ ಸ್ವರ ಹಿಡಿಯುವ ಅಡ್ಡಪಟ್ಟಿಗಳಾದ ಮೆಟ್ಟಿಲುಗಳನ್ನು ದಂಡಿಯ ಮೇಲೆ ಮೇಣದಲ್ಲಿ ಕೂರಿಸುವುದು. ಈಗಿನ 24 ಮೆಟ್ಟಿಲಿನ ವೀಣೆ ರೂಪುಗೊಂಡದ್ದು 17ನೇ ಶತಮಾನದ ತಂಜಾವೂರಿನಲ್ಲಿ, ರಘುನಾಥ ನಾಯಕನ ಕಾಲದಲ್ಲಿ ಎನ್ನುತ್ತಾರೆ. ಅವನ ಮಂತ್ರಿ ಗೋವಿಂದ ದೀಕ್ಷಿತರು ಕನ್ನಡ ಮೂಲದವರು. ನನಗೆ ಅದು ಹೆಮ್ಮೆ.

ಜೇನುಮೇಣ, ರಾಳ, ನುಣ್ಣಗೆ ಜರಡಿ ಹಿಡಿದ ಇದ್ದಿಲ ಪುಡಿ ಸೇರಿಸಿ ಕಾಸುತ್ತೇನೆ. ರಾಳ ಜಾಸ್ತಿಯಾದರೆ ಮೇಣ ಒಡೆಯುತ್ತದೆ, ಕಡಿಮೆಯಾದರೆ ಬೇಸಿಗೆಯಲ್ಲಿ ಮೆಟ್ಟಿಲು ಜರುಗುತ್ತದೆ. ದಂಡಿಯ ಮೇಲೆ ಎರಡು ಸಾಲು ಮೇಣ ಕಟ್ಟಿ, ಮೆಟ್ಟಿಲುಗಳನ್ನು ಅಡ್ಡಲಾಗಿ ಊರುತ್ತೇನೆ. ಯಾಳಿಯ ಕಡೆ ತಂತಿ ಆತುಕೊಳ್ಳುವ ಪಟ್ಟಿಯಾದ ಮೇರುವಿನಿಂದ ಕುದುರೆವರೆಗಿನ ಅಳತೆಯ ಅರ್ಧಕ್ಕೆ 12ನೇ ಮೆಟ್ಟಿಲು, ಅಂದರೆ ಮೇಲಿನ ಷಡ್ಜ. ಮೂರನೇ ಒಂದು ಭಾಗಕ್ಕೆ 7ನೆಯದು, ಪಂಚಮ. ಇಷ್ಟು ಲೆಕ್ಕ. ಆದರೆ ಬೆರಳಿನಿಂದ ಒತ್ತಿದಾಗ ತಂತಿ ಬಿಗಿಯಾಗಿ ಶ್ರುತಿ ಸ್ವಲ್ಪ ಏರುತ್ತದೆ ಅಲ್ವಾ? ಹಾಗಾಗಿ ಮೆಟ್ಟಿಲನ್ನು ಲೆಕ್ಕದ ಗೆರೆಗಿಂತ ಕೂದಲೆಳೆಯಷ್ಟು ಮೇರುವಿನ ಕಡೆ ಸರಿಸಬೇಕು. ಎಷ್ಟು ಅನ್ನುವುದನ್ನು ಕಿವಿಯೇ ಹೇಳಬೇಕು. ತಂಬೂರಿ ಹಾಕಿಕೊಂಡು, ಒಂದೊಂದು ಮೆಟ್ಟಿಲನ್ನೂ ಮೀಟಿ, ಬಿಸಿ ಕಬ್ಬಿಣದಿಂದ ಮೇಣ ಮೆತ್ತಗೆ ಮಾಡಿ ಸರಿಸುತ್ತೇನೆ. ಎತ್ತರವನ್ನೂ ಆಗಲೇ ನೋಡಬೇಕು. ಮುಂದಿನ ಮೆಟ್ಟಿಲು ಸ್ವಲ್ಪ ಎದ್ದಿದ್ದರೂ ತಂತಿ ತಗುಲಿ ಜರ್ ಎನ್ನುತ್ತದೆ.

ಮೇಣ ಆರಿದ ಮೇಲೆ ಮರುದಿನ ಎಲ್ಲವನ್ನೂ ಮತ್ತೊಮ್ಮೆ ನುಡಿಸಿ ನೋಡುತ್ತೇನೆ. ಶ್ರುತಿ ಸರಿ ಅನಿಸಿದ ಮೇಲೆಯೇ ಮೇಣದ ಅಂಚಿಗೆ ಉಳಿ ಹಿಡಿದು ಕಮಾನು ಕಮಾನಾಗಿ ಕೊರೆಯುತ್ತೇನೆ.