ಕಿಂಡಲ್ ಬಿಟ್ಟು ಕೋಬೊ ಹಿಡಿದ ಕಥೆ, ಲೆಕ್ಕ ಸಮೇತ

ರಾಯಚೂರಿನ ಬೇಸಿಗೆಯಲ್ಲಿ ಹೊರಗೆ ಕೂತು ಮೊಬೈಲ್‌ನಲ್ಲಿ ಓದಲು ಆಗದು. ಹಾಗಾಗಿ ಬಿಸಿಲಲ್ಲೂ ಕಾಗದದಂತೆ ಕಾಣುವ ಇ-ಇಂಕ್ ಪರದೆ ಬೇಕೋ ಬೇಡವೋ ಎಂಬ ಚರ್ಚೆ ನನಗಿರಲಿಲ್ಲ. ಅಮೆಜಾನಿನ ಇ-ರೀಡರ್ ಕಿಂಡಲ್ ಬಿಟ್ಟು ಬೇರೆ ಕಂಪನಿಯ ಕೋಬೊ ಹಿಡಿಯಬೇಕೋ ಬೇಡವೋ ಎಂಬುದೇ ತಕರಾರು. 2025ರ ಫೆಬ್ರವರಿ 26ರಿಂದ, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ದಾರಿಯೂ ಬಂದ್ ಆಯಿತಲ್ಲ, ಆಗ ಮನಸ್ಸು ಮುರಿಯಿತು. "ಯಾಕ ರೊಕ್ಕ ಹಾಳ್ ಮಾಡ್ತೀರಿ ಸರ, ಕನ್ನಡ ಅದರಾಗ ಎಲ್ಲಿ ಬರ್ತದ?" ಅಂತ, ಕೋಬೊ ಮಾತೆತ್ತಿದಾಗ ಗಂಜ್ ಮಾರುಕಟ್ಟೆಯ ಗೆಳೆಯರು ನಕ್ಕರು.

ಸ್ಪೆಸಿಫಿಕೇಷನ್ ನೋಡುತ್ತ ಕೂರಲಿಲ್ಲ. ಒತ್ತಕ್ಷರ ಸರಿ ಮೂಡುತ್ತದೋ ನೋಡಲು ಒಂದೇ ಪುಟದ ಇಪಬ್ (ಇ-ಪುಸ್ತಕದ ಫೈಲು) ಮಾಡಿದೆ: ಸ್ವಾತಂತ್ರ್ಯ, ವೈಶಿಷ್ಟ್ಯ, ಲಕ್ಷ್ಮಿ, ಕಾರ್ಯಕ್ರಮ, ರ‍್ಯಾಂಕ್. ಯಾರ ಬಳಿ ಯಾವ ರೀಡರ್ ಇದ್ದರೂ ಇಸಿದುಕೊಂಡು ಅದನ್ನು ತೆರೆದೆ. ಹೆಚ್ಚಿನವು ರ‍್ಯಾಂಕ್‌ನಲ್ಲೇ ನಪಾಸು. ನಡುವಿನ ಜೀರೊ ವಿಡ್ತ್ ಜಾಯ್ನರ್ (ಒತ್ತಿನ ರೂಪ ನಿರ್ಧರಿಸುವ, ಕಣ್ಣಿಗೆ ಕಾಣದ ಚಿಹ್ನೆ) ನುಂಗಿ ಅರ್ಕಾವೊತ್ತು ಹಾಕುತ್ತಿದ್ದವು. ಕೋಬೊ ಮೇಲೆ ಕೆಒರೀಡರ್ ಎಂಬ ಉಚಿತ ಓದುವ ತಂತ್ರಾಂಶ ಕೂರಿಸಿ ನೋಟೊ ಸೆರಿಫ್ ಕನ್ನಡ ಫಾಂಟ್ ಕೊಟ್ಟೆ. ಒಂದು ಒತ್ತೂ ಜಾರಲಿಲ್ಲ. ಗಂಜ್‌ನವರಿಗೆ ಅದನ್ನೇ ತೋರಿಸಿದೆ, ಸುಮ್ಮನಾದರು.

ನಿಜವಾದ ಗೋಳು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಫೈಲುಗಳದ್ದು, ಅವನ್ನು ಯೂನಿಕೋಡಿಗೆ ಬದಲಿಸಬೇಕಿತ್ತು. ಡಿಟಿಪಿ ಕಾಲದ ರಾಶಿ ನನ್ನಲ್ಲಿದೆ. ಹಳೆಯ ನುಡಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು. ಸಿಕ್ಕ ಕನ್ವರ್ಟರುಗಳಲ್ಲಿ ಒಂದೆರಡು 'ಕಾಯರ್ಕ್ರಮ', 'ಸೂಯರ್' ಅಂತ ಕೊಟ್ಟು ತಲೆ ತಿಂದವು. ಕೊನೆಗೆ ನಾನೇ ಬರೆದ ಹುಡುಕು-ಬದಲಿಸು ಸಾಲುಗಳಿಂದ ಸರಿಹೋಯಿತು. ಆ ಸಾಲುಗಳನ್ನು ಇಲ್ಲಿ ಹಾಕುವುದಿಲ್ಲ, ಬೆವರು ಸುರಿಸಿದ್ದು.

ಸ್ಕ್ಯಾನ್ ಪಿಡಿಎಫ್‌ಗೆ ಕೋಬೊದ ಆರಿಂಚಿನ ಪರದೆ ಸಾಲದು ಅಂತ ಎಲ್ಲರೂ ಹೇಳಿದ್ದರು. ಡೆಮಿ ಅಷ್ಟಪತ್ರದ (ಸಾಮಾನ್ಯ ಪುಸ್ತಕದ ಅಳತೆಯ) ಪುಟ ಪೂರ್ತಿ ತುಂಬಿಸಿದರೆ ಒತ್ತಕ್ಷರ ಮಸಿಚುಕ್ಕೆಯಾಗುವುದು ಹೌದು. ರೀಫ್ಲೋ (ಪುಟ ಒಡೆದು ಪರದೆಗೆ ತಕ್ಕಂತೆ ಸಾಲು ಮರುಜೋಡಿಸುವುದು) ಇನ್ನೂ ಕೆಟ್ಟದ್ದು: ಸಾಲು ಒತ್ತೊತ್ತಾಗಿದ್ದ ಹಳೆ ಮುದ್ರಣಗಳಲ್ಲಿ ಕೆಳಗಿನ ಒತ್ತನ್ನೇ ಕತ್ತರಿಸಿ ಬೇರೆ ಸಾಲು ಮಾಡುತ್ತಿತ್ತು. ಅಂಚು ಕತ್ತರಿಸಿ, ಅಡ್ಡ ತಿರುಗಿಸಿ, ಕಾಂಟ್ರಾಸ್ಟ್ ಏರಿಸಿ ಅರ್ಧರ್ಧ ಪುಟ ಓದುತ್ತೇನೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲೂ ನಡೆಯುತ್ತದೆ.

ನಡುವೆ ಇನ್ನೊಂದು ಹುಚ್ಚು. ವಿ. ಕೃಷ್ಣ ಅವರ ಅಲರ್ ಕನ್ನಡ-ಇಂಗ್ಲಿಷ್ ನಿಘಂಟನ್ನು ಸ್ಟಾರ್‌ಡಿಕ್ಟ್ (ಕೆಒರೀಡರ್ ಓದಬಲ್ಲ ನಿಘಂಟಿನ ರೂಪ) ಮಾಡಿ ಸೇರಿಸಿದೆ. 'ಮನೆ' ಸಿಗುತ್ತದೆ, 'ಮನೆಯಲ್ಲಿ' ಒತ್ತಿದರೆ ಇಲ್ಲ. ವಿಭಕ್ತಿ ಕಳಚುವ ಕೆಲಸ ಅರ್ಧಕ್ಕೆ ನಿಂತಿದೆ.

ಖರ್ಚು? ಸೆಕೆಂಡ್ ಹ್ಯಾಂಡ್ ಕೋಬೊ ಆರೂವರೆ ಸಾವಿರದ ಆಸುಪಾಸು. ಅದಕ್ಕೂ ಮೊದಲು ಹತ್ತಿಂಚಿನ ಆಂಡ್ರಾಯ್ಡ್ ಇ-ಇಂಕ್ ಒಂದನ್ನು ತಗೊಂಡು ಮಾರಿದ್ದರಲ್ಲಿ ಐದಾರು ಸಾವಿರ ಹೋಗಿತ್ತು. ಕನ್ನಡ ಚೆನ್ನಾಗಿತ್ತು, ಬ್ಯಾಟರಿ ಮಾತ್ರ ಮೊಬೈಲಿನ ಹಾಗೆ ದಿನಾ ಚಾರ್ಜ್ ಕೇಳುತ್ತಿತ್ತು. ಕಿಂಡಲ್ ಮಾರಲಿಲ್ಲ. ನಕಲಿಸದಂತೆ ಬೀಗ ಹಾಕಿದ ನಲವತ್ತರಷ್ಟು ಇಂಗ್ಲಿಷ್ ಪುಸ್ತಕ ಅದರಲ್ಲೇ ಇವೆ, ಮಾರಿದರೂ ಸಾವಿರದೈನೂರರ ಮೇಲೆ ಯಾರೂ ಕೊಡುವುದಿಲ್ಲ.