ಬೀಡಿ ಪುಸ್ತಕದಲ್ಲಿ ಸಿಕ್ಕಿದ ಕಾಯಿಲೆ

ಮಂಜೇಶ್ವರದ ಕಡೆ ಆಶಾ ಕೆಲಸಕ್ಕೆ ಸೇರಿ ನನಗೆ ಹದಿನೈದು ವರ್ಷದ ಹತ್ತಿರವಾಯಿತು. ದಿನಕ್ಕೆ ಎಷ್ಟು ಬೀಡಿ ಕಟ್ಟಿದರೆಂದು ಬರೆದಿಡುವ ಬೀಡಿ ಪುಸ್ತಕ ನೋಡಿ ಯಾರಿಗೆ ಖಿನ್ನತೆ ಇದೆಯೆಂದು ಪತ್ತೆ ಹಿಡಿಯುತ್ತೇನೆ ಎಂದಾಗ ತಿಂಗಳ ಸಭೆಯಲ್ಲಿ ನಕ್ಕವರೇ ಹೆಚ್ಚು. ಈಗ ಅವರಲ್ಲೇ ಇಬ್ಬರು ಅದನ್ನು ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಖಿನ್ನತೆ ಅಳೆಯಲು ನಮಗೆ ಒಂಬತ್ತು ಪ್ರಶ್ನೆಗಳ ಹಾಳೆಯೊಂದಿದೆ; ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ನನಗೆ ಸಿಕ್ಕಿದ್ದು ಮಲಯಾಳದಲ್ಲಿ. ಕನ್ನಡಕ್ಕೆ ತಿರುಗಿಸಿ ಓದಿ ಹೇಳುತ್ತಿದ್ದೆ. ಅರುವತ್ತು ಮನೆ ಸುತ್ತಿದರೂ ಎಲ್ಲರಿಗೂ ಸೊನ್ನೆ, ಹೆಚ್ಚೆಂದರೆ ಎರಡು ಅಂಕ. "ನನಗೇನು ಮರುಳೇ?" ಎಂದು ಒಬ್ಬರು ತಂದಿಟ್ಟ ಚಹಾವನ್ನೇ ಒಳಗೆ ಕೊಂಡುಹೋದರು.

ಆಮೇಲೊಂದು ದಿನ ಬಿ.ಪಿ. ನೋಡಲು ಒಬ್ಬ ಅಕ್ಕನ ಮನೆಗೆ ಹೋಗಿದ್ದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬೀಡಿ ಎಲೆ ಬಟ್ಟೆಯ ಸಮೇತ ಒಣಗಿ ಸೀಳು ಬಿಟ್ಟಿತ್ತು. ಪುಸ್ತಕ ತೆರೆದೆ. ಜೂನ್‌ವರೆಗೆ ದಿನಕ್ಕೆ 800, ಆಗಸ್ಟಿನಲ್ಲಿ 300ರ ಆಸುಪಾಸು, ಆಮೇಲೆ ನಡುನಡುವೆ ಖಾಲಿ. "ಕೈ ನೋವೇ ಅಕ್ಕ?" ಎಂದೆ. "ಕೈಗೇನಾಗಿಲ್ಲ. ಮೂರು ಗಂಟೆಗೇ ಎಚ್ಚರವಾಗುತ್ತದೆ. ಎದ್ದು ಏನು ಮಾಡಲಿ?" ಎಂದರು. ಹಾಳೆ ತೆಗೆಯಲೇ ಇಲ್ಲ. ಮಾತಿನ ನಡುವೆ ಎಲ್ಲವನ್ನೂ ಕೇಳಿ, ಮನೆಗೆ ಬಂದು ಕೂಡಿಸಿದರೆ 17.

ಅವರ ಗಂಡನಿಗೆ ಮಂಗಳೂರಿನ ಆಸ್ಪತ್ರೆಯೇ ಆಗಬೇಕು. ಒಂದು ಸಲ ಹೋಗಿ ಬರಲು ಸಾವಿರದೈನೂರು, ಮೇಲೆ ಒಂದು ದಿನದ ಕೂಲಿ ನಷ್ಟ. ಅದರ ಬದಲು ಕುಟುಂಬ ಆರೋಗ್ಯ ಕೇಂದ್ರದಲ್ಲಿ ಖಿನ್ನತೆಗೆಂದೇ ಇರುವ ಆಶ್ವಾಸಂ ಕ್ಲಿನಿಕ್ಕಿಗೆ ನಾನೇ ಆಟೋದಲ್ಲಿ ಕರೆದೊಯ್ದೆ. ಎರಡು ಸಲ ಇನ್ನೂರೈವತ್ತು ನನ್ನ ಕೈಯಿಂದ. ಗುಳಿಗೆ ಪುಕ್ಕಟೆ. ಎರಡನೆಯ ವಾರ ಗುಳಿಗೆ ಬಿಟ್ಟರು: ಹೊಟ್ಟೆ ತೊಳಸುತ್ತದೆ, ಗುಣವೂ ಇಲ್ಲ ಎಂದು. ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕೆಂದು ಮೊದಲೇ ಹೇಳದಿದ್ದುದು ನನ್ನ ತಪ್ಪು. ಮತ್ತೆ ಶುರು ಮಾಡಿಸಿ ಆರು ವಾರವಾದಾಗ ಪುಸ್ತಕದಲ್ಲಿ 500 ಕಂಡಿತು.

ಒಬ್ಬರ ವಿಷಯದಲ್ಲಿ ಸೋತೆ. ಬರುವ ಮಂಗಳವಾರ ಕ್ಲಿನಿಕ್ಕಿಗೆ ಹೋಗೋಣ ಎಂದಿದ್ದೆ, ಶನಿವಾರವೇ ಅವರು ಜೀವ ಕಳೆದುಕೊಂಡ ಸುದ್ದಿ ಬಂತು. ಹಾಳೆಯ ಒಂಬತ್ತನೆಯ ಪ್ರಶ್ನೆಯನ್ನು, ಸಾಯುವ ಯೋಚನೆಯ ಬಗೆಗಿನದನ್ನು, ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಹೆದರಿಕೆ. ಹಾಗಾಗುವುದಿಲ್ಲವೆಂದು ತರಬೇತಿಯಲ್ಲಿ ಹೇಳಿದ್ದರೂ ನಾನು ನಂಬಿರಲಿಲ್ಲ. ಈಗ ನೇರವಾಗಿ ಕೇಳುತ್ತೇನೆ: "ಸಾಯಬೇಕೆಂದು ಅನಿಸುತ್ತದೆಯೇ?" ಹೌದೆಂದರೆ ಕ್ಲಿನಿಕ್ಕಿನ ದಿನಕ್ಕೆ ಕಾಯುವುದಿಲ್ಲ. ಅಂಗಳದಿಂದಲೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ, ಜೊತೆಗೊಬ್ಬರು ಕಾವಲು, ತೋಟಕ್ಕೆ ಹೊಡೆಯುವ ವಿಷವೆಲ್ಲ ನೆರೆಮನೆಯ ಬೀಗದೊಳಗೆ, ಅಂದೇ ಡಾಕ್ಟರ ಬಳಿಗೆ.

ಗಂಡಸರಿಗೆಂದು ಹಾಲಿನ ಸೊಸೈಟಿಯ ಪುಸ್ತಕವನ್ನೂ ನೋಡಿದೆ. ನಾಲ್ಕು ಮನೆಯಲ್ಲಿ ಹಾಲು ಇಳಿದಿತ್ತು. ಮೂರರಲ್ಲಿ ದನ ಗಬ್ಬವಾಗಿತ್ತು. ನಾಲ್ಕನೆಯವರು ಮಾತ್ರ ಕರೆಯಲು ಏಳುತ್ತಿರಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಟ್ಟು ಎಂಟು ಸಾವಿರ ಕಳೆದು ಬಂದವರಿದ್ದಾರೆ. ಅದನ್ನು ಬೇಡವೆನ್ನುವುದಿಲ್ಲ, ಗುಳಿಗೆ ನಿಲ್ಲಬಾರದು ಅಷ್ಟೆ.

ಪುಸ್ತಕ ಅವರಾಗಿಯೇ ಕೈಗೆ ಕೊಡುವಂತೆ ನಾನು ಆಡುವ ಮಾತನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ವಾರ್ಡಿನವರೇ ಓದಿ ನಾಳೆ ಅಡಗಿಸಿಟ್ಟಾರು. ಮೂರು ವರ್ಷದಲ್ಲಿ ಇಪ್ಪತ್ತೆರಡೋ ಇಪ್ಪತ್ತಮೂರೋ ಜನರನ್ನು ಕಳಿಸಿದ್ದೇನೆ. ಹದಿನಾಲ್ಕು ಮಂದಿ ಚಿಕಿತ್ಸೆ ಬಿಟ್ಟಿಲ್ಲ.

ಮೊನ್ನೆ ಆ ಅಕ್ಕ ತಾವೇ ಪುಸ್ತಕ ತಂದು ತೋರಿಸಿದರು. 650. ಕಂಟ್ರಾಕ್ಟರ್ ಐವತ್ತು ಬೀಡಿ ಸರಿಯಿಲ್ಲವೆಂದು ಬಿಸಾಡಿದ್ದಾನಂತೆ. ಅವನಿಗೆ ಬೈಯುತ್ತಾ ಅರ್ಧ ಗಂಟೆ ನನ್ನನ್ನು ಏಳಲು ಬಿಡಲಿಲ್ಲ.